ಐದು ವರ್ಷದ ಜಿರ್ಕೋನಿಯಾ ಕ್ಯಾಪ್, ಪಕ್ಕದಲ್ಲೇ ಎರಡು ವರ್ಷದ ಆನ್‌ಲೇ: ಬಳಸಿದವಳ ಮಾತು

ಹಲ್ಲಿಗೆ ಟೊಪ್ಪಿಗೆಯಂತೆ ಕೂರಿಸುವ ಈ ಜಿರ್ಕೋನಿಯಾ (ಪಿಂಗಾಣಿಯಂಥ ಬಿಳಿ ವಸ್ತು) ಕ್ಯಾಪ್ ಗಟ್ಟಿ ಇದೆ, ಅದರಲ್ಲಿ ಎರಡು ಮಾತಿಲ್ಲ. ಕೆಳದವಡೆಯ ಬಲಗಡೆ ರೂಟ್ ಕೆನಾಲ್ ಆದ ಹಲ್ಲಿನ ಮೇಲೆ ಅದು ಕೂತು ಐದು ವರ್ಷ ತುಂಬಿತು. ಕೋಡುಬಳೆ, ಚಕ್ಕುಲಿ, ಹುರಿದ ಶೇಂಗಾ ಏನು ಕಡಿದರೂ ಚೂರು ಹಾರಿಲ್ಲ, ಬಣ್ಣ ಮಾಸಿಲ್ಲ. ಆದರೆ ಈ ಐದರಲ್ಲಿ ಮೂರು ವರ್ಷ ಆ ಬದಿಯಲ್ಲಿ ನಾನು ನೆಮ್ಮದಿಯಾಗಿ ಉಂಡಿಲ್ಲ. ಕ್ಯಾಪಿಗೂ ಅದರ ಹಿಂದಿನ ಹಲ್ಲಿಗೂ ನಡುವೆ ಒಂದು ಸಣ್ಣ ಸಂದಿ ಉಳಿದುಬಿಟ್ಟಿತ್ತು.

ನಮ್ಮದು ದಾವಣಗೆರೆ. ಸಂಜೆ ಮಂಡಕ್ಕಿ-ಮೆಣಸಿನಕಾಯಿ ಇಲ್ಲದೆ ನಮ್ಮ ಮನೆಯಲ್ಲಿ ಒಂದು ವಾರ ಕಳೆಯುವುದಿಲ್ಲ. ಮೆತ್ತಗಾದ ಮಂಡಕ್ಕಿ ನೇರ ಆ ಸಂದಿಗಿಳಿದು ವಸಡಿನ ಮೇಲೆ ಕೂರುತ್ತಿತ್ತು. ಮೆಂತ್ಯ ಸೊಪ್ಪು ಸಿಕ್ಕಿಕೊಂಡರೆ ಒತ್ತಿದ ಹಾಗೆ ನೋವು, ಮಾವಿನ ನಾರು ಸಿಕ್ಕಿಕೊಂಡರೆ ಕೊಯ್ದ ಹಾಗೆ. ಮದುವೆ ಊಟಕ್ಕೆ ಹೋದರೆ ಪಾಯಸ ಬರುವ ಹೊತ್ತಿಗೆ ನನ್ನ ಗಮನವೆಲ್ಲ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಪರ್ಸಿನಲ್ಲಿ ಹಲ್ಲಿನ ಸಂದಿ ಶುಚಿ ಮಾಡುವ ದಾರದ (ಫ್ಲಾಸ್) ಡಬ್ಬಿ ಇಲ್ಲದೆ ಮನೆಯ ಹೊಸ್ತಿಲು ದಾಟಿದ್ದಿಲ್ಲ.

ಇದು ಹೇಗಾಯಿತು ಎಂಬುದು ಆಮೇಲೆ ತಿಳಿಯಿತು. ಜಿರ್ಕೋನಿಯಾವನ್ನು ಸೀಮೆಸುಣ್ಣದಷ್ಟು ಮೆದುವಿರುವಾಗಲೇ ಯಂತ್ರದಲ್ಲಿ ಕೊರೆಯುತ್ತಾರೆ. ಆಮೇಲೆ ಸುಮಾರು 1500 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಸುಡುವಾಗ ಅದು ಕುಗ್ಗುತ್ತದೆ. ಆ ಕುಗ್ಗುವಿಕೆಯನ್ನು ಲೆಕ್ಕ ಹಾಕಿ, ಮೊದಲೇ ಶೇಕಡಾ 20-25ರಷ್ಟು ದೊಡ್ಡದಾಗಿ ಕೊರೆದಿರುತ್ತಾರೆ. ಅಷ್ಟು ಲೆಕ್ಕಾಚಾರದಿಂದ ಬಂದ ವಸ್ತು ನನ್ನ ಬಾಯಲ್ಲಿ ಕೊನೆಯ ಐದು ನಿಮಿಷದಲ್ಲಿ ಕೆಟ್ಟಿತು. ಕ್ಯಾಪ್ ಬಿಗಿಯಾಗಿ ಪೂರ್ತಿ ಇಳಿಯಲಿಲ್ಲ. ಡಾಕ್ಟರು ಬದಿಯನ್ನು ಉಜ್ಜಿದರು, ಕೂರಿಸಿ ನೋಡಿದರು, ಮತ್ತೆ ಉಜ್ಜಿದರು; ಉಜ್ಜಿದ್ದು ಹೆಚ್ಚಾಗಿ ಸಂದಿ ಉಳಿಯಿತು. ನೀಲಿ ಕಾಗದ ಕಚ್ಚಿಸಿ ಎತ್ತರವನ್ನು ನಾಲ್ಕು ಸಲ ನೋಡಿದವರು ಪಕ್ಕದ ಹಲ್ಲಿಗೆ ತಾಗಿದೆಯೇ ಎಂದು ಒಮ್ಮೆಯೂ ದಾರ ಎಳೆದು ನೋಡಲಿಲ್ಲ. ಅಂಟಿಸುವ ಮೊದಲೇ ಗೊತ್ತಾಗಿದ್ದರೆ ಲ್ಯಾಬಿಗೆ ವಾಪಸ್ ಕಳಿಸಿ, ಆ ಬದಿಗೆ ಒಂದಿಷ್ಟು ಪಿಂಗಾಣಿ ಸೇರಿಸಿ ಮತ್ತೆ ಸುಡಿಸಬಹುದಿತ್ತು. ಸಿಮೆಂಟ್ ಹಿಡಿದ ಮೇಲೆ ಅದನ್ನು ಕತ್ತರಿಸಿಯೇ ತೆಗೆಯಬೇಕು. 9,500 ರೂಪಾಯಿ ಕೊಟ್ಟಿದ್ದೆ. ಎರಡು ಸಲ ಹೋಗಿ ಹೇಳಿದೆ. "ಅಭ್ಯಾಸ ಆಗುತ್ತೆ" ಅಂದರು. ಆ ಮಾತು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ.

ಅಭ್ಯಾಸವಾಗುವ ಬದಲು ಹಿಂದಿನ ಹಲ್ಲು ಹುಳುಕಾಯಿತು, ಅದೂ ಸಂದಿಯ ಕಡೆಯೇ.

ಬೇರೆ ಡಾಕ್ಟರ ಹತ್ತಿರ ಹೋದೆ. ಇದಕ್ಕೂ ಕ್ಯಾಪ್ ಅನ್ನುತ್ತಾರೆ ಎಂದುಕೊಂಡೇ ಕೂತಿದ್ದೆ. ಅವರು ಎಕ್ಸ್‌ರೇ ತೋರಿಸಿ, ನರಕ್ಕೆ ಇನ್ನೂ ತಾಗಿಲ್ಲ, ಮೂರು ಬದಿ ಗಟ್ಟಿಯಾಗಿದೆ, ಸುತ್ತ ಕೊರೆದು ಟೊಪ್ಪಿಗೆ ಹಾಕುವುದು ಯಾಕೆ, ಕೆಟ್ಟ ಭಾಗ ತೆಗೆದು ಅಷ್ಟಕ್ಕೇ ಆನ್‌ಲೇ ಎಂಬ ತುಣುಕು ಕೂರಿಸೋಣ ಅಂದರು. ಹಲ್ಲಿನ ಅಚ್ಚು ತೆಗೆಯುವಾಗ ಈ ಸಲ ಬಾಯಿ ತುಂಬ ಮೆತ್ತುವ ಪುಟ್ಟಿ ಇರಲಿಲ್ಲ, ವಾಕರಿಕೆ ಇರಲಿಲ್ಲ. ದಪ್ಪ ಪೆನ್ನಿನಂಥ ಸ್ಕ್ಯಾನರ್ ಹಲ್ಲಿನ ಮೇಲೆ ಓಡಾಡಿತು, ಪರದೆ ಮೇಲೆ ನನ್ನ ದವಡೆ ಬಣ್ಣಬಣ್ಣವಾಗಿ ಮೂಡಿತು. ಚಿತ್ರವನ್ನು ತಿರುಗಿಸಿ, "ನೋಡ್ರಿ ಮೇಡಂ, ಇಲ್ಲಿ ಹಲ್ಲಿಗೆ ಹಲ್ಲು ತಾಗೇ ಇಲ್ಲ" ಅಂದರು. ಮೂರು ವರ್ಷ ನಾಲಿಗೆಗೆ ಮಾತ್ರ ಗೊತ್ತಿದ್ದದ್ದನ್ನು ಇನ್ನೊಬ್ಬರು ಕಣ್ಣಾರೆ ಕಂಡು ಹೇಳಿದಾಗ ಗಂಟಲು ತುಂಬಿ ಬಂತು.

ಆ ಚಿತ್ರದ ಅಳತೆಗೆ ತುಣುಕನ್ನು ಅಲ್ಲೇ ಯಂತ್ರದಲ್ಲಿ ಕೊರೆದರು. ಹೀಗೆ ಕುರ್ಚಿಯ ಪಕ್ಕದಲ್ಲೇ ಯಂತ್ರದಿಂದ ಹಲ್ಲಿನ ತುಣುಕು ಕೊರೆಯುವ ಪದ್ಧತಿ 1985ರಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದಂತೆ. ನನ್ನ ತುಣುಕು ಲಿಥಿಯಂ ಡೈಸಿಲಿಕೇಟ್ ಎಂಬ ಗಾಜಿನಂಥ ಪಿಂಗಾಣಿಯದು. ಕೊರೆದು ಹೊರಬಂದಾಗ ಬದನೆಹೂವಿನ ಬಣ್ಣ! ಇದನ್ನೇ ಬಾಯಲ್ಲಿ ಇಡುತ್ತಾರಾ ಎಂದು ಗಾಬರಿಯಾದೆ. ಸುಮಾರು 850 ಡಿಗ್ರಿಯಲ್ಲಿ ಬೆಂದು ಬಂದಾಗ ನನ್ನ ಹಲ್ಲಿನದೇ ಬಣ್ಣ. ಸುಡುವ ಮೊದಲೊಮ್ಮೆ, ಸುಟ್ಟ ಮೇಲೊಮ್ಮೆ ಹಲ್ಲಿನ ಮೇಲಿಟ್ಟು, ಕ್ಯಾಪಿನ ಕಡೆ ದಾರ ಎಳೆದು ನೋಡಿದರು. ಹಳೆಯ ಸಂದಿ ಮುಚ್ಚುವಷ್ಟು ಆ ಬದಿಯನ್ನು ಉಬ್ಬಿಸಿಯೇ ಕೊರೆಸಿದ್ದರು. ಆಮೇಲೆ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ, ಎಂಜಲು ಸೋಕದಂತೆ ಒಣಗಿಸಿ ಅಂಟಿಸಿದರು. ಅರ್ಧ ಗಂಟೆಗೂ ಹೆಚ್ಚು ಬಾಯಿ ತೆರೆದೇ ಇದ್ದು ದವಡೆ ನೋಯಿತು. ಈ ವಸ್ತು ಜಿರ್ಕೋನಿಯಾದಷ್ಟು ಗಟ್ಟಿಯಲ್ಲ, ಹಲ್ಲಿಗೆ ಒಂದಾಗಿ ಅಂಟಿಕೊಳ್ಳುವುದೇ ಇದರ ಬಲ. ಹಾಗಾಗಿ ಅಂಟಿಸುವಾಗ ಅವಸರ ಮಾಡುವ ಹಾಗಿಲ್ಲ.

14,000 ಆಯಿತು, ಚೀಟಿ ದುಡ್ಡು ಎತ್ತಿದೆ. ಮೊದಲ ಎರಡು ವಾರ ತಣ್ಣೀರಿಗೆ ಜುಮ್ಮೆಂದಿತು, ಆಮೇಲೆ ನಿಂತಿತು.

ಈಗ ರಾತ್ರಿ ಪಾತ್ರೆ ಮುಗಿಸಿ, ಬಚ್ಚಲ ದೀಪ ಹಾಕಿ, ಮೊಳದುದ್ದ ದಾರ ಎರಡೂ ನಡುಬೆರಳಿಗೆ ಸುತ್ತಿಕೊಳ್ಳುತ್ತೇನೆ. ಮೊದಲು ಆ ಸಂದಿಯಲ್ಲಿ ದಾರ ಗಾಳಿಯಲ್ಲಿ ಎಳೆದ ಹಾಗೆ ಜಾರುತ್ತಿತ್ತು. ಈಗ ಒಂದು ಕ್ಷಣ ತಡೆದು, "ಟಕ್" ಅಂತ ಇಳಿಯುತ್ತದೆ. ಆ ಸದ್ದು ಕೇಳಿದರೆ ನನಗೆ ನಿದ್ದೆ ಚೆನ್ನಾಗಿ ಬರುತ್ತದೆ. ಎರಡು ವರ್ಷವಾದರೂ ಈ ಖುಷಿ ಹಳತಾಗಿಲ್ಲ.

ಕ್ಯಾಪ್ ಬೇಡ ಎಂದು ನಾನು ಹೇಳುತ್ತಿಲ್ಲ. ರೂಟ್ ಕೆನಾಲ್ ಆಗಿ ಗೋಡೆಗಳೇ ಉಳಿಯದ ನನ್ನ ಆ ಹಲ್ಲಿಗೆ ಅದೇ ಸರಿ. ಹಲ್ಲಿನ ಗೋಡೆಗಳು ಗಟ್ಟಿ ಇದ್ದರೆ ಆನ್‌ಲೇ ಆಗುತ್ತದಾ ಎಂದು ಒಂದು ಮಾತು ಕೇಳಿ. ಯಾವುದನ್ನೇ ಹಾಕಿಸಿಕೊಳ್ಳಿ, ಸಿಮೆಂಟ್ ಕಲಸುವ ಮೊದಲು "ಡಾಕ್ಟ್ರೇ, ಎರಡೂ ಕಡೆ ದಾರ ಎಳೆದು ನೋಡಿ" ಎಂದು ಕೇಳಿ. ಬಾಯಿ ಮರಗಟ್ಟಿದ್ದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ ತೋರಿಸಿ. ಸಂದಿ ಮುಚ್ಚಿದರೂ ಅಲ್ಲಿ ಇಳಿದುಹೋದ ವಸಡು ನನಗೆ ಪೂರ್ತಿ ವಾಪಸ್ ಬಂದಿಲ್ಲ. ಅದಕ್ಕೆಂದೇ ಆರು ತಿಂಗಳಿಗೊಮ್ಮೆ ಹೋಗಿ ಕ್ಲೀನಿಂಗ್ ಮಾಡಿಸುತ್ತಿದ್ದೇನೆ.