ಬೆರಳು ಸ್ಕ್ಯಾನ್ ಮಾಡಿ ಮನೋರೋಗ ವಾಸಿ ಮಾಡ್ತೀವಿ ಅನ್ನೋರ ಹತ್ತಿರ ಹೋಗಬೇಡಿ (ದಾವಣಗೆರೆ)

ದಾವಣಗೆರೆಯವರು, ಹರಿಹರ, ಜಗಳೂರು, ಚನ್ನಗಿರಿ ಕಡೆಯವರು ದಯವಿಟ್ಟು ಪೂರ್ತಿ ಓದಿ. ಸೆಂಟರ್ ಹೆಸರು ಹಾಕುತ್ತಿಲ್ಲ. ಬೋರ್ಡ್ ಬದಲಾಯಿಸೋದು ಅವರಿಗೆ ಒಂದು ಮಧ್ಯಾಹ್ನದ ಕೆಲಸ. ಅವರ ಮಾತಿನ ವರಸೆ ಹೇಳುತ್ತೇನೆ, ಅದರಿಂದಲೇ ಗುರುತು ಹಿಡಿಯಿರಿ.

ನನ್ನ ತಮ್ಮನಿಗೆ ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಕೆಲವು ದಿನ ಅತಿಯಾದ ಉತ್ಸಾಹಕ್ಕೆ ಏರೋದು, ಕೆಲವು ದಿನ ಖಿನ್ನತೆಗೆ ಇಳಿಯೋದು. ಈ ಏರುಪೇರು ಹಿಡಿತದಲ್ಲಿಡುವ ಲಿಥಿಯಂ ಮಾತ್ರೆ ತಗೊಂಡು ವರ್ಷಗಟ್ಟಲೆ ಚೆನ್ನಾಗಿದ್ದ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಅಮ್ಮನಿಗೆ ಒಂದೇ ಚಿಂತೆ: 'ಜೀವನಪೂರ್ತಿ ಮಾತ್ರೆ ನುಂಗೋ ಹುಡುಗನಿಗೆ ಯಾರು ಹೆಣ್ಣು ಕೊಡ್ತಾರೆ?' ಈ ಚಿಂತೆ ಇರುವ ಮನೆಗಳೇ ಇವರ ಗಿರಾಕಿಗಳು.

ಸೆಂಟರ್‌ಗೆ ಕರೆದುಕೊಂಡು ಹೋದೆವು. ತಮ್ಮನ ಹತ್ತೂ ಬೆರಳು ಸ್ಕ್ಯಾನ್ ಮಾಡಿದರು. ಬಣ್ಣಬಣ್ಣದ 'ಬ್ರೇನ್ ರಿಪೋರ್ಟ್' ಕೊಟ್ಟರು. 'ನೋಡ್ರಿ ಸರ್, ಬಲ ಮೆದುಳು ವೀಕ್. ಅದಕ್ಕೇ ಮೂಡ್ ಏರುಪೇರು. ಮಾತ್ರೆ ಬರೀ ಕೆಮಿಕಲ್, ಇವತ್ತಿಂದಲೇ ಬಿಡಿಸಿ. ನಾವು ಬೇರಿನಿಂದ ತೆಗೀತೀವಿ.' ಪ್ಯಾಕೇಜ್ 38,000 ರೂಪಾಯಿ, ಪೂರ್ತಿ ಮುಂಗಡ. ಬಿಳಿ ಕೋಟು, ಮೇಜಿನ ಮೇಲೆ ಪ್ಲಾಸ್ಟಿಕ್ ಮೆದುಳು. ಯಾರು ನಂಬೋದಿಲ್ಲ ಹೇಳಿ?

ಮಾತ್ರೆ ಬಿಟ್ಟ ಸ್ವಲ್ಪ ದಿನಕ್ಕೇ ತಮ್ಮನ ನಿದ್ದೆ ಹೋಯಿತು. ನಡುರಾತ್ರಿ ನೆಂಟರಿಗೆಲ್ಲ ಫೋನು. ಸೈಟ್ ಕೊಳ್ತೀನಿ ಅಂತ ಯಾರಿಗೋ ಅಡ್ವಾನ್ಸ್ ಕೊಟ್ಟ. ಮಂಡಿ ಸಾಹುಕಾರರ ಮೇಲೇ ಕೂಗಾಡಿ ಬಂದ. ಸೆಂಟರ್‌ಗೆ ಫೋನ್ ಮಾಡಿದರೆ ಏನಂದರು ಗೊತ್ತಾ? 'ಇದು ಹೀಲಿಂಗ್ ಸರ್. ಒಳಗಿನ ವಿಷ ಹೊರಗೆ ಬರ್ತಾ ಇದೆ. ಒಳ್ಳೇದು.' ಒಳ್ಳೇದಂತೆ! ಅವನು ಹೊರಗೆ ಓಡಬಾರದು ಅಂತ ಅಮ್ಮ ಬಾಗಿಲಿಗೆ ಅಡ್ಡ ಮಲಗುತ್ತಿದ್ದರು. ಅದು ಒಳ್ಳೇದಂತೆ.

ಆಗ ಆ ರಿಪೋರ್ಟ್ ತೆಗೆದು ಪುಟಪುಟ ಓದಿದೆ. ಒಳಗೆ ಒಂದು ಕಡೆ ಹೀಗಿದೆ: 'ನಿಮ್ಮ ಮಗಳಿಗೆ ಪರೀಕ್ಷೆಯ ಭಯ ಇದೆ. ಗಣಿತಕ್ಕೆ ಹೆಚ್ಚಿನ ಗಮನ ಕೊಡಿ.' ಮಗಳು! ನನ್ನ ತಮ್ಮನಿಗೆ ಮೀಸೆ ಇದೆ ಸ್ವಾಮಿ! ಯಾವುದೋ ಶಾಲೆ ಹುಡುಗಿಯ ರಿಪೋರ್ಟಿಗೆ ಇವನ ಹೆಸರು ಅಂಟಿಸಿ ಕೊಟ್ಟಿದ್ದಾರೆ. ಮೈಯೆಲ್ಲ ಉರಿದುಹೋಯಿತು. ಕೇಳಿದರೆ, 'ಪ್ರಿಂಟಿಂಗ್ ಮಿಸ್ಟೇಕ್ ಸರ್, ಅನಾಲಿಸಿಸ್ ಕರೆಕ್ಟಾಗೇ ಇದೆ.' ದುಡ್ಡು ವಾಪಸ್ ಕೇಳಿದರೆ, 'ನಿಮ್ಮ ಮನೆಯ ನೆಗೆಟಿವ್ ಎನರ್ಜಿಗೆ ನಾವು ಜವಾಬ್ದಾರರಲ್ಲ.' ಆಮೇಲೆ ನನ್ನ ನಂಬರ್ ಬ್ಲಾಕ್. ರಸೀದಿಯಲ್ಲಿ ಇರೋದು 'ಪರ್ಸನಾಲಿಟಿ ಟ್ರೈನಿಂಗ್ ಫೀಸ್' ಅಂತ. ಚಿಕಿತ್ಸೆ ಅನ್ನೋ ಮಾತೇ ಎಲ್ಲೂ ಇಲ್ಲ, ಅಷ್ಟು ಹುಷಾರು.

ತಮ್ಮನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಮನೋವೈದ್ಯರು ಕೂರಿಸಿಕೊಂಡು ಹೇಳಿದರು: ಈ ಕಾಯಿಲೆಯಲ್ಲಿ ವಂಶದ ಪಾಲು ದೊಡ್ಡದು, ನಿದ್ದೆಗೆಟ್ಟರೆ, ಮನಸ್ಸಿಗೆ ಒತ್ತಡ ಬಿದ್ದರೆ ಕೆರಳುತ್ತದೆ. (ನಮ್ಮ ಸೋದರಮಾವನಿಗೂ ಹೀಗೇ ಇತ್ತು. ಮನೆಯಲ್ಲಿ ಗಾಳಿ ಸೋಕಿದೆ ಅನ್ನುತ್ತಿದ್ದರು.) ಇದನ್ನು ಪತ್ತೆ ಮಾಡುವ ರಕ್ತಪರೀಕ್ಷೆಯೂ ಇಲ್ಲ, ಸ್ಕ್ಯಾನೂ ಇಲ್ಲ. ರೋಗಿ ಹತ್ತಿರ, ಮನೆಯವರ ಹತ್ತಿರ ಮಾತಾಡಿಯೇ ಗುರುತಿಸಬೇಕು. ಇನ್ನು ಬೆರಳಿನ ಗೆರೆ ಏನು ಹೇಳುತ್ತೆ? ಲಿಥಿಯಂ ಜಾಸ್ತಿಯಾದರೆ ವಿಷ, ಅದಕ್ಕೇ ಆಗಾಗ ರಕ್ತದಲ್ಲಿ ಅದರ ಮಟ್ಟ, ಥೈರಾಯ್ಡ್, ಕಿಡ್ನಿ ನೋಡುತ್ತಾರೆ. ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಜೋರಾಗಿ ಮರುಕಳಿಸಬಹುದು. ಬಿಡಲೇಬೇಕಾದರೂ ವೈದ್ಯರೇ ನಿಧಾನವಾಗಿ ಇಳಿಸಬೇಕು. ಕೌನ್ಸೆಲಿಂಗ್ ಬೇಡ ಅಂತಲ್ಲ, ಮಾತ್ರೆ ಜೊತೆಗೆ ಅದೂ ಬೇಕು ಅಂದರು. ಈ ಕಳ್ಳರು ಮಾಡೋದು ಕೌನ್ಸೆಲಿಂಗ್ ಅಲ್ಲ, ಅಷ್ಟೇ.

'ಮಾತ್ರೆ ಬಿಡಿಸಿ' ಅಂದ ತಕ್ಷಣ ಎದ್ದು ಬನ್ನಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ನಂಬರ್ ಕೇಳಿ. ನಾನು ಕೇಳಿದಾಗ ಗೋಡೆ ಮೇಲಿನ ವರ್ಕ್‌ಶಾಪ್ ಸರ್ಟಿಫಿಕೇಟ್ ತೋರಿಸಿದರು, ಮೂರು ಚಿನ್ನದ ಫ್ರೇಮ್! ದುಡ್ಡಿಲ್ಲ ಅನ್ನುವವರಿಗೆ ಜಿಲ್ಲಾ ಆಸ್ಪತ್ರೆಯಲ್ಲೇ ಮನೋರೋಗ ವಿಭಾಗ ಇದೆ. ತಾಲೂಕು ಆಸ್ಪತ್ರೆಗಳಲ್ಲಿ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ನೋಡುತ್ತಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಪುಕ್ಕಟೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಇಂಥ ಕಡೆ ಈಗಾಗಲೇ ಅಡ್ವಾನ್ಸ್ ಕಟ್ಟಿದ್ದರೆ ಹೋಗಲಿ ಬಿಡಿ. ಮಾತ್ರೆ ಮಾತ್ರ ನಿಲ್ಲಿಸಬೇಡಿ.