ಮಂಡಿನೋವಿಗೆ ಎಣ್ಣೆಯೂ ವ್ಯಾಯಾಮವೂ: ಜಯನಗರದ ಒಂದು ಮನೆತನದ ಕೇಂದ್ರ
ಅಪ್ಪ ಆಯುರ್ವೇದ ವೈದ್ಯರು, ಮಗಳು ಫಿಸಿಯೋಥೆರಪಿಸ್ಟ್. ಇಬ್ಬರೂ ನೋಡಿದ ಮೇಲೆಯೇ ಚಿಕಿತ್ಸೆ ಶುರು. ಮಂಡಿಯ ಮೇಲೆ ಬೆಚ್ಚಗಿನ ಎಣ್ಣೆ ನಿಲ್ಲಿಸುವ ಜಾನುಬಸ್ತಿಯಲ್ಲಿ ಇವರ ಕೈ ಪಳಗಿದೆ: ಉದ್ದಿನ ಹಿಟ್ಟನ್ನು ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಮಂಡಿಯ ಸುತ್ತ ಕಟ್ಟೆ ಕಟ್ಟಿ, ಒಳಅಂಚನ್ನು ಒದ್ದೆ ಬೆರಳಿನಿಂದ ಸವರುತ್ತಾರೆ. ಹಿಟ್ಟು ಸಡಿಲವಾದರೆ ಎಣ್ಣೆ ಸೋರಿ ತೊಡೆಗಿಳಿಯುತ್ತದೆ. ಎಣ್ಣೆ ತಣಿದಂತೆಲ್ಲ ಹತ್ತಿಯಲ್ಲಿ ಹೀರಿ ತೆಗೆದು ಮತ್ತೆ ಬೆಚ್ಚಗಿನದು. ಹೀಗೆ 30 ನಿಮಿಷ. ನೇರ ಉರಿಗಿಡದೆ ಬಿಸಿನೀರಿನ ಪಾತ್ರೆಯಲ್ಲಿಟ್ಟು ಕಾಯಿಸುವುದು ಮೆಚ್ಚುವಂಥದ್ದು. ಆಮೇಲೆ ತೊಡೆಯ ಸ್ನಾಯುಗಳಿಗೆ ವ್ಯಾಯಾಮ. ಮನೆಯಲ್ಲಿ ಇದನ್ನು ಬಿಟ್ಟರೆ ಎಣ್ಣೆಯ ಹಿತ ನಾಲ್ಕು ದಿನದ್ದು ಅಷ್ಟೇ. ಮಂಡಿ ಕೆಂಪಾಗಿ, ಬಿಸಿಯಾಗಿ ಊದಿದ್ದರೆ ಎಣ್ಣೆ ಮುಟ್ಟಿಸದೆ ಮೂಳೆ ವೈದ್ಯರಲ್ಲಿಗೆ ಕಳಿಸುತ್ತಾರೆ, ಸರಿಯಾದ ಕ್ರಮ. ಸ್ನಾನದ ಮನೆ ಮಾತ್ರ ಒಂದೇ. ಶನಿವಾರ ಎಣ್ಣೆ ಮೈಯಲ್ಲೇ ಕಾಯಬೇಕು. ಹಳೇ ಪ್ಯಾಂಟ್ ಹಾಕಿಕೊಂಡು ಹೋಗಿ.