ಒಂದು ಯೆಜ್ಡಿ, ನಾಲ್ಕು ಹೆಡ್: ಡೈನೋ ಮೇಲೆ ಕಂಡದ್ದು

"ಹೆಡ್‌ಗೆ ಒಂದು ಎಂಎಂ ಫೇಸಿಂಗ್ ಹೊಡೆಸಿ ಸಾರ್, ಗಾಡಿ ಕಿತ್ಕೊಂಡು ಹೋಗುತ್ತೆ." ಬೆಂಗಳೂರಿನಲ್ಲಿ ಹಳೇ ಜಾವಾ, ಯೆಜ್ಡಿ ಬೈಕ್ ಇಟ್ಟುಕೊಂಡವರಲ್ಲಿ ಈ ಮಾತು ಕೇಳದವರು ಕಡಿಮೆ. ಹೆಡ್ ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳ, ಫೇಸಿಂಗ್ ಅಂದರೆ ಅದರ ಕೆಳಮುಖವನ್ನು ಲೇತಿನಲ್ಲಿ ಸವೆಸುವುದು. ನಾನೂ ಕೇಳಿದೆ, ಮಾಡಿಸಿದೆ, ಎರಡು ವರ್ಷ ಓಡಿಸಿದೆ. ನಂದಿ ಬೆಟ್ಟ ಹತ್ತುವಾಗ ಡಬ್ಬಿಯೊಳಗೆ ಕಲ್ಲು ಅಲ್ಲಾಡಿಸಿದ ಹಾಗೆ ಒಂದು ಸದ್ದು ಬರುತ್ತಿತ್ತು. ಹಳೇ ಗಾಡಿ ಅಲ್ವಾ, ಸದ್ದು ಇದ್ದದ್ದೇ ಅಂದುಕೊಂಡಿದ್ದೆ. ಕೊನೆಗೆ ಹೆಡ್ ಬಿಚ್ಚಿದಾಗ ಪಿಸ್ಟನ್ ಅಂಚಿನಲ್ಲಿ, ಎಕ್ಸಾಸ್ಟ್ ಕಡೆ, ರವೆ ಚೆಲ್ಲಿದ ಹಾಗೆ ಸಣ್ಣ ಸಣ್ಣ ಗುಂಡಿಗಳು. ಉಗುರು ಆಡಿಸಿದರೆ ಒರಟು ಕೈಗೆ ತಿಳಿಯುತ್ತಿತ್ತು. ನಾಕಿಂಗ್, ಅಂದರೆ ಪೆಟ್ರೋಲು ಗಾಳಿಯ ಮಿಶ್ರಣ ತಾನಾಗಿ ಸಿಡಿಯುವುದು, ಮಾಡಿದ ಕೆಲಸ ಅದು. ಇನ್ನು ಮೇಲೆ ಬಾಯಿಮಾತು ಬೇಡ, ಅಳೆದೇ ನೋಡೋಣ ಅಂತ ಅವತ್ತೇ ತೀರ್ಮಾನ ಮಾಡಿದೆ.

ಗಾಡಿ ರೋಡ್‌ಕಿಂಗ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು, ಅಪ್ಪನ ಕಾಲದ್ದು. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, ಟೂ ಸ್ಟ್ರೋಕ್. ಬೋರ್ (ಸಿಲಿಂಡರಿನ ಒಳ ಅಗಲ) 65 ಎಂಎಂ, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 75 ಎಂಎಂ, ಅಂದರೆ ಹೆಚ್ಚು ಕಡಿಮೆ 249 ಸಿಸಿ. ಕಂಪನಿ ಹೇಳಿದ ಪವರ್ 16 ಎಚ್‌ಪಿ, ಅದು ಎಂಜಿನ್ನಿನ ಲೆಕ್ಕ. ಚಕ್ರಕ್ಕೆ ಬರುವಷ್ಟರಲ್ಲಿ ಚೈನು, ಗೇರು, ಟೈರು ತಮ್ಮ ಪಾಲು ತಿಂದಿರುತ್ತವೆ. ಬ್ಲಾಕ್‌ಗೆ ಹೊಸ ಸ್ಲೀವ್ ಹಾಕಿಸಿ ಸ್ಟ್ಯಾಂಡರ್ಡ್ ಬೋರ್‌ಗೆ ತಂದು, ಹೊಸ ಪಿಸ್ಟನ್ ಕೂರಿಸಿ, ಸಾವಿರ ಕಿಲೋಮೀಟರ್ ಓಡಿಸಿದ ಮೇಲೆಯೇ ಡೈನೋಗೆ, ಅಂದರೆ ಚಕ್ರಕ್ಕೆ ಬರುವ ಪವರ್ ಅಳೆಯುವ ಯಂತ್ರಕ್ಕೆ, ಹೋದದ್ದು.

ನಾಲ್ಕು ಹೆಡ್ ಹೀಗಿದ್ದವು. ಮೊದಲನೆಯದು ಯಾರೂ ಕೈ ಹಚ್ಚದ ಒರಿಜಿನಲ್, ಗೆಳೆಯನ ಹತ್ತಿರ ಇದ್ದದ್ದು. ಎರಡನೆಯದು ನನ್ನ ಫೇಸಿಂಗ್ ಹೊಡೆಸಿದ ಹೆಡ್. ಮೂರು ಮತ್ತು ನಾಲ್ಕು, ಹಳೇ ಹೆಡ್ ತಗೊಂಡು ಪೀಣ್ಯದ ಒಬ್ಬ ಲೇತ್ ಮೇಸ್ತ್ರಿಯಿಂದ ಒಳಗಿನ ಆಕಾರವನ್ನೇ ಹೊಸದಾಗಿ ಕಟ್ ಮಾಡಿಸಿದ್ದು. ಜೆಸಿ ರೋಡಿನಲ್ಲಿ ಕೊಂಡ ಒಂದು ಹೊಸ ಹೆಡ್ ಕೂಡ ಇತ್ತು. ಅದರಲ್ಲಿ ಪ್ಲಗ್ ಥ್ರೆಡ್ಡೇ ಓರೆ, ಹಾಗಾಗಿ ಡೈನೋ ತನಕ ಹೋಗಲೇ ಇಲ್ಲ.

ಅಳತೆ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದರೆ ಎಲ್ಲಾ ಗುಟ್ಟೂ ಇಲ್ಲೇ ಇದೆ. ಪಿಸ್ಟನ್ ಮೇಲೆ ಬಂದು ನಿಂತಾಗ ಹೆಡ್ಡಿನೊಳಗೆ ಎಷ್ಟು ಜಾಗ ಉಳಿಯುತ್ತದೆ ಅನ್ನುವುದು ಒಂದು ಲೆಕ್ಕ. ಪ್ಲಗ್ ತೂತಿನಿಂದ ಬ್ಯುರೆಟ್ಟಿನಲ್ಲಿ ಎಣ್ಣೆ ಬಿಟ್ಟು ಅಳೆಯಬಹುದು. ಆ ಜಾಗ 35.5 ಸಿಸಿ ಇದ್ದರೆ ಕಂಪ್ರೆಷನ್ (ಪಿಸ್ಟನ್ ಕೆಳಗಿದ್ದಾಗಿನ ಒಟ್ಟು ಜಾಗ ಇದರ ಎಷ್ಟು ಪಟ್ಟು ಅನ್ನುವುದು) 8ಕ್ಕೆ 1. 65 ಎಂಎಂ ಬೋರ್‌ಗೆ ಒಂದು ಎಂಎಂ ಫೇಸಿಂಗ್ ಹೊಡೆದರೆ 3.3 ಸಿಸಿ ಕಡಿಮೆ ಆಗುತ್ತದೆ, ಕಂಪ್ರೆಷನ್ 8.7ಕ್ಕೆ ಏರುತ್ತದೆ. ಇಷ್ಟು ಎಲ್ಲರಿಗೂ ಗೊತ್ತು.

ಎರಡನೇ ಲೆಕ್ಕ ಸ್ಕ್ವಿಶ್. ಪಿಸ್ಟನ್ನಿನ ಅಂಚಿಗೂ ಹೆಡ್ಡಿನ ಅಂಚಿಗೂ ನಡುವೆ ಇರುವ ಸಂದು. ಆ ಸಂದು ಕಿರಿದಾಗಿದ್ದರೆ ಪಿಸ್ಟನ್ ಮೇಲೆ ಬರುವಾಗ ಅಲ್ಲಿನ ಮಿಶ್ರಣ ಒತ್ತಿಸಿಕೊಂಡು ನಡುವೆ ಇರುವ ಪ್ಲಗ್ ಕಡೆ ನುಗ್ಗುತ್ತದೆ, ಚೆನ್ನಾಗಿ ಕಲೆಸಿಕೊಂಡು ಬೇಗ ಉರಿಯುತ್ತದೆ. ಸಂದು ಅಗಲವಾಗಿದ್ದರೆ ಒಂದಿಷ್ಟು ಮಿಶ್ರಣ ಅಂಚಿನಲ್ಲೇ ಉಳಿದು, ಬಿಸಿ ಏರಿ, ಬೆಂಕಿ ಬರುವ ಮೊದಲೇ ತಾನಾಗಿ ಸಿಡಿಯುತ್ತದೆ. ನನ್ನ ಪಿಸ್ಟನ್ ಮೇಲಿದ್ದ ರವೆ ಗುಂಡಿಗಳು ಅದರದ್ದೇ.

ಇದನ್ನು ಮನೆಯಲ್ಲೇ ಅಳೆಯಬಹುದು. ದಪ್ಪನೆಯ ಸೋಲ್ಡರ್ ವೈರಿನ ಎರಡು ತುಂಡನ್ನು ಪಿಸ್ಟನ್ ಮೇಲೆ, ಗಜನ್ ಪಿನ್ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಪಿನ್) ಸಾಲಿನಲ್ಲಿ ಎರಡೂ ಬದಿಗೆ, ಸ್ವಲ್ಪ ಗ್ರೀಸ್ ಹಚ್ಚಿ ಅಂಟಿಸಿ. ಬೇರೆ ಕಡೆ ಇಟ್ಟರೆ ಪಿಸ್ಟನ್ ವಾಲಿ ಸುಳ್ಳು ಅಳತೆ ಬರುತ್ತದೆ. ಹೆಡ್ ಟೈಟ್ ಮಾಡಿ, ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿ. ವೈರ್ ಚಪ್ಪಟೆ ಆಗುವಾಗ ಚಕ್ರ ಒಂದು ಕ್ಷಣ ತಡೆದು ಬಿಡುತ್ತದೆ. ಬಿಚ್ಚಿ ನೋಡಿದರೆ ವೈರಿನ ತುದಿ ದೋಸೆ ಅಂಚಿನ ಹಾಗೆ ತೆಳ್ಳಗಾಗಿರುತ್ತದೆ. ಅದನ್ನು ವರ್ನಿಯರ್‌ನಲ್ಲಿ ಹಿಡಿದರೆ ಅಳತೆ ಸಿಕ್ಕಿತು.

ಒರಿಜಿನಲ್ ಹೆಡ್: 35.5 ಸಿಸಿ, ಸಂದು 2.6 ಎಂಎಂ. ಫೇಸಿಂಗ್ ಹೆಡ್: 32.2 ಸಿಸಿ, 1.6 ಎಂಎಂ. ಮೂರನೆಯದನ್ನು ಬೇಕಂತಲೇ ಅದೇ 32.2 ಸಿಸಿಗೆ ಮಾಡಿಸಿದೆ. ಅಂಚನ್ನು ಪಿಸ್ಟನ್ ತಲೆಯ ಇಳಿಜಾರಿಗೆ ಹೊಂದಿಸಿ ಸಂದನ್ನು 1.1ಕ್ಕೆ ತಂದು, ನಡುವಿನ ಬಟ್ಟಲನ್ನು ಆಳ ಮಾಡಿ ಜಾಗ ಸರಿಮಾಡಿದ್ದು. ಅಂದರೆ ಎರಡಕ್ಕೂ ಮೂರಕ್ಕೂ ಕಂಪ್ರೆಷನ್ ಒಂದೇ, ಸ್ಕ್ವಿಶ್ ಮಾತ್ರ ಬೇರೆ. ನಾಲ್ಕನೆಯದು ಸಂದು 1.1, ಜಾಗ 28.5 ಸಿಸಿ, ಕಂಪ್ರೆಷನ್ 9.7.

ಡೈನೋ ದಿನ ಒಂದು ಭಾನುವಾರ, ಬೆಳಗ್ಗೆ ಏಳರಿಂದ ಸಂಜೆ ನಾಲ್ಕರ ತನಕ. ಅದೇ ಕಾರ್ಬುರೇಟರ್ ಜೆಟ್, ಅದೇ ಇಗ್ನಿಷನ್ ಟೈಮಿಂಗ್, ಒಂದೇ ಕ್ಯಾನಿನ ಪೆಟ್ರೋಲು, ಅದೇ ಟೈರ್ ಗಾಳಿ. ಎಲ್ಲಾ ರನ್ ಮೂರನೇ ಗೇರಿನಲ್ಲಿ, ಪ್ರತಿ ಹೆಡ್‌ಗೆ ಮೂರು ರನ್. ಪ್ಲಗ್ ವಾಷರ್ ಕೆಳಗೆ ಟೆಂಪರೇಚರ್ ಸೆನ್ಸರ್ ಕೂರಿಸಿ, ಅದು 90 ಡಿಗ್ರಿಗೆ ಇಳಿದ ಮೇಲೆಯೇ ಮುಂದಿನ ರನ್. ಟೂ ಸ್ಟ್ರೋಕ್ ಬಿಸಿ ಆದಷ್ಟೂ ಪವರ್ ಬೀಳುತ್ತದೆ, ಕಾಯದೆ ಓಡಿಸಿದರೆ ಹೋಲಿಕೆಗೆ ಬೆಲೆಯೇ ಇಲ್ಲ. ಕೊನೆಗೆ ಮೊದಲ ಹೆಡ್ಡನ್ನೇ ಮತ್ತೆ ಹಾಕಿ ಓಡಿಸಿದೆ. ಇದನ್ನು ಯಾರೂ ತಪ್ಪಿಸಬಾರದು. ಬೆಳಗ್ಗೆ ಚಕ್ರದಲ್ಲಿ 12.4 ಎಚ್‌ಪಿ ಬಂದದ್ದು ಸಂಜೆ 12.3 ಬಂತು, ಹಾಗಾಗಿ ಮಧ್ಯದ ಅಂಕಿಗಳನ್ನು ನಂಬಬಹುದು ಅನ್ನಿಸಿತು.

ಇನ್ನೊಂದು ಮಾತು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲು ಕಡಿಮೆ. ಡೈನೋ ಅದನ್ನು ಸೇರಿಸಿ ಸರಿಮಾಡಿದ ಅಂಕಿ ತೋರಿಸುತ್ತದೆ. ನನ್ನ 12.4 ಅಂಥದ್ದು, ಸರಿಮಾಡದ ಅಂಕಿ 11.4. ಯಾರಾದರೂ ಗ್ರಾಫ್ ತೋರಿಸಿದರೆ ಯಾವುದು ಅಂತ ಕೇಳಿ.

ಫೇಸಿಂಗ್ ಹೆಡ್‌ಗೆ ಬಂದದ್ದು 12.6. ಒರಿಜಿನಲ್‌ಗಿಂತ ಬರೀ 0.2 ಜಾಸ್ತಿ. ಬೆಳಗ್ಗೆ ಸಂಜೆ ವ್ಯತ್ಯಾಸವೇ 0.1 ಇರುವಾಗ ಅದನ್ನು ಲಾಭ ಅನ್ನಲು ನನಗೆ ಮನಸ್ಸಿಲ್ಲ. ಆದರೆ ರನ್ ಮುಗಿದಾಗ ಬಿಸಿ 172ರಿಂದ 188 ಡಿಗ್ರಿಗೆ ಏರಿತ್ತು, ಕಿವಿಗೆ ಅದೇ ಕಲ್ಲಿನ ಸದ್ದು. ಮೂರನೇ ಹೆಡ್, ಅಷ್ಟೇ ಕಂಪ್ರೆಷನ್, ಪವರ್ 13.0, ಬಿಸಿ 174. ಸದ್ದೇ ಇಲ್ಲ. ನಾನು ಗ್ರಾಫಿನ ಮುಂದೆ ಸುಮ್ನೆ ನಿಂತುಬಿಟ್ಟೆ. ಜೊತೆಗೆ ಬಂದಿದ್ದ ಮೇಸ್ತ್ರಿ ಮಾತ್ರ, "ತಮ್ಮಾ, ತುದಿ ನೋಡಬೇಡ, ಮೂರು ಸಾವಿರದ ಹತ್ತಿರ ನೋಡು" ಅಂದರು. ನಿಜ, ಮೂರು ಸಾವಿರ ಆರ್‌ಪಿಎಂನಿಂದಲೇ ಗೆರೆ ಮೇಲಿತ್ತು. ಸಿಗ್ನಲ್‌ನಲ್ಲಿ ನಿಂತು ಹೊರಡುವ ಊರಿನಲ್ಲಿ ಬೇಕಾದದ್ದು ಅದೇ ಜಾಗ.

ನಾಲ್ಕನೆಯದು ಮೊದಲ ರನ್‌ನಲ್ಲಿ 13.3 ಕೊಟ್ಟಿತು, ಎಲ್ಲಕ್ಕಿಂತ ಜಾಸ್ತಿ. ಇಲ್ಲಿ ಬೇಕಂತಲೇ ತಣ್ಣಗಾಗಲು ಬಿಡದೆ ಬೆನ್ನಿಗೇ ಇನ್ನೆರಡು ರನ್ ಎಳೆದು ನೋಡಿದೆ. 12.9, ಆಮೇಲೆ 12.5. ಬಿಸಿ 196. ಮೂರನೆಯದನ್ನೂ ಹಾಗೇ ಎಳೆದಾಗ 12.8ಕ್ಕಿಂತ ಕೆಳಗೆ ಬೀಳಲಿಲ್ಲ.

ಬೆಂಗಳೂರಿನಲ್ಲಿ ಹೀಗಾದರೆ ಕೆಳಗೆ ಇನ್ನೂ ಕಷ್ಟ. ಶಿರಾಡಿ ಇಳಿದು ಮಂಗಳೂರು ಸೇರಿದರೆ ಸಿಲಿಂಡರಿಗೆ ತುಂಬುವ ಗಾಳಿಯೇ ಜಾಸ್ತಿ, ಒತ್ತಡವೂ ಜಾಸ್ತಿ. ಇಲ್ಲಿ ಹೇಗೋ ತಡೆದುಕೊಳ್ಳುವ ಹೆಡ್ ಅಲ್ಲಿ ನಾಕಿಂಗ್ ಶುರು ಮಾಡುತ್ತದೆ. ಮೂರನೇ ಹೆಡ್ ಹಾಕಿಕೊಂಡು ಮಂಗಳೂರಿಗೆ ಹೋಗಿ ಬಂದೆ, ಹಿಂದೆ ಹೆಂಡತಿ, ಎರಡು ಬ್ಯಾಗು. ಬರುವಾಗ ಇಡೀ ಘಾಟಿ ಹತ್ತಿಸಿದ ಮೇಲೆ ಸಕಲೇಶಪುರದಲ್ಲಿ ಪ್ಲಗ್ ಬಿಚ್ಚಿ ನೋಡಿದೆ, ಹುರಿದ ಕಾಫಿ ಬೀಜದ ಬಣ್ಣ, ಅಂದರೆ ಉರಿ ಸರಿಯಾಗಿದೆ.

ಹಾಗಾಗಿ ನನ್ನ ಆಯ್ಕೆ ಮೂರನೆಯದು. ಕೈ ಹಚ್ಚದ ಒರಿಜಿನಲ್ ಸಿಕ್ಕರೆ ಅದನ್ನು ಕಟ್ ಮಾಡಿಸಬೇಡಿ, ಹಾಗೇ ಓಡಿಸಿ ಅಥವಾ ಎತ್ತಿಡಿ. ಈಗಾಗಲೇ ಫೇಸಿಂಗ್ ಹೊಡೆಸಿದ ಹೆಡ್ ಇದ್ದರೆ ಅದನ್ನೇ ಕೊಟ್ಟು ಸ್ಕ್ವಿಶ್ ಕಟ್ ಮಾಡಿಸಿ. ಮೇಸ್ತ್ರಿಗೆ ಬರೀ ಹೆಡ್ ಕೊಟ್ಟರೆ ಆಗಲ್ಲ, ಪಿಸ್ಟನ್ನೂ ಕೊಡಿ, ಅದರ ಇಳಿಜಾರು ನೋಡಿಯೇ ಅಂಚು ಕಟ್ ಆಗಬೇಕು. ಸಂದು ಒಂದು ಎಂಎಂಗಿಂತ ಕಡಿಮೆಗೆ ಇಳಿಸಬೇಡಿ, ಹಳೇ ಬೇರಿಂಗಿನಲ್ಲಿ ಆಟ ಇರುತ್ತದೆ, ಪಿಸ್ಟನ್ ಹೆಡ್ಡಿಗೆ ತಗಲಬಹುದು. ಹೆಡ್ ಕೂರಿಸಿ ಇನ್ನೂರು ಕಿಲೋಮೀಟರ್ ಆದ ಮೇಲೆ, ಎಂಜಿನ್ ಪೂರ್ತಿ ತಣ್ಣಗಿದ್ದಾಗ, ನಾಲ್ಕೂ ನಟ್ಟನ್ನು ಎದುರು ಬದುರಾಗಿ ಇನ್ನೊಮ್ಮೆ ಟೈಟ್ ಮಾಡಿ.